ಆಚೆಯವರು ಹಲೋ ಅನ್ನುವ ತನಕ

ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ಎಕ್ಸ್‌ಚೇಂಜ್ ಅಕ್ಕನ ಶ್ರದ್ಧಾಂಜಲಿ ಬ್ಯಾನರ್ ಕಟ್ಟಿದ್ದರು. ಫೋಟೋ ಸರಿಯಾಗಿತ್ತು, ಹೆಸರು ಸರಿಯಾಗಿತ್ತು, ಊರು ಕಮ್ಮರಡಿ ಎಂಬುದೂ ಸರಿಯಾಗಿತ್ತು. ಅದರ ಕೆಳಗೆ ಒಂದು ಸಾಲು: ‘ಸೌಮ್ಯ ಸ್ವಭಾವದವರೂ ಎಲ್ಲರೊಂದಿಗೆ ಹೊಂದಿಕೊಂಡು ಹೋಗುವವರೂ ಆಗಿದ್ದರು.’ ಶೃಂಗೇರಿ ಬಸ್ಸಿನಿಂದ ಇಳಿದ ನಾನು ಅಲ್ಲೇ ನಿಂತು ಅದನ್ನು ಎರಡು ಸಲ ಓದಿದೆ. ಇಷ್ಟು ದೊಡ್ಡ ಅಕ್ಷರದಲ್ಲಿ ಇಷ್ಟು ದೊಡ್ಡ ಸುಳ್ಳನ್ನು ಈಚೆಗೆ ಎಲ್ಲೂ ಓದಿರಲಿಲ್ಲ.

ಹೊಂದಿಕೊಂಡು ಹೋಗುವವರಂತೆ! ಕಮ್ಮರಡಿಯಿಂದ ಕೊಪ್ಪಕ್ಕೆ ಬರುವ ಬೆಳಗಿನ ಬಸ್ಸಿನ ಕಂಡಕ್ಟರನ್ನು ಕೇಳಿ. ‘ಹತ್ತಿ ಹತ್ತಿ, ಸೀಟಿದೆ’ ಎಂದು ಕೂಗುವುದು ಅವನ ಅಭ್ಯಾಸ. ಸೀಟು ಇರುವುದಿಲ್ಲ ಎಂಬುದು ಕೇಳುವವರಿಗೂ ಗೊತ್ತು. ಎಲ್ಲರೂ ಹತ್ತಿ, ಕಂಬಿ ಹಿಡಿದು, ಸುಮ್ಮನೆ ನಿಲ್ಲುತ್ತಾರೆ. ಇವರು ಹತ್ತಿ ಬಸ್ಸನ್ನೊಮ್ಮೆ ಹಿಂದಿನ ತನಕ ನೋಡಿ, ‘ಎಲ್ಲಿ?’ ಎಂದರಂತೆ.

‘ಎಂಥದು ಅಕ್ಕ?’

‘ಸೀಟು. ಇದೆ ಅಂದ್ಯಲ್ಲ, ತೋರ್ಸು.’

ಬಸ್ಸಿನವರೆಲ್ಲ ನಕ್ಕರು. ಇವರು ನಗಲಿಲ್ಲ, ಬಿಡಲೂ ಇಲ್ಲ. ಕಂಡಕ್ಟರ್ ಕೊನೆಗೆ ತಾನು ಕೂರುವ ಜಾಗವನ್ನೇ ಬಿಟ್ಟುಕೊಟ್ಟು ಕೊಪ್ಪದವರೆಗೆ ಬಾಗಿಲಲ್ಲಿ ನಿಂತು ಬಂದ. ಮಾರನೆಯ ದಿನದಿಂದ ಅವನ ಕೂಗು ಬದಲಾಯಿತು: ‘ಹತ್ತಿ ಹತ್ತಿ, ನಿಂತ್ಕೊಳ್ಳೋಕೆ ಜಾಗ ಇದೆ.’ ಇಂಥವರನ್ನು ಸೌಮ್ಯ ಎಂದು ಬರೆಸಿದ್ದಾರೆ.

ಅವರ ಹೆಸರು ಬ್ಯಾನರಿನಲ್ಲಿತ್ತು, ಇಲ್ಲಿ ಬೇಡ. ಊರಿಗೆಲ್ಲ ಅವರು ಎಕ್ಸ್‌ಚೇಂಜ್ ಅಕ್ಕ. ಕೊಪ್ಪದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಟ್ರಂಕ್ ಕಾಲ್ ಎಂದರೆ ಈಗಿನವರಿಗೆ ಬಿಡಿಸಿ ಹೇಳಬೇಕು. ಪರವೂರಿಗೆ ಮಾತಾಡಬೇಕಾದರೆ ಮೊದಲು ಎಕ್ಸ್‌ಚೇಂಜಿಗೆ ಫೋನು ಮಾಡಿ ನಂಬರು ಬರೆಸಬೇಕಿತ್ತು. ಆಪರೇಟರ್ ಆ ಊರಿನ ಎಕ್ಸ್‌ಚೇಂಜನ್ನು ಹಿಡಿದು, ಆಚೆಯವರನ್ನು ಕರೆಸಿ, ಎರಡೂ ತುದಿಗಳನ್ನು ಸೇರಿಸಬೇಕು. ಅಕ್ಕ ಬರೆದುಕೊಂಡದ್ದನ್ನು ತಿರುಗಿ ಓದಿ ಹೇಳುತ್ತಿದ್ದರು, ಅಂಕಿಗಳನ್ನು ಎರಡೆರಡಾಗಿ ಒಡೆದು, ನಡುವೆ ಉಸಿರು ಬಿಟ್ಟು. ಬರೆಸಿದವರು ಹೌದು ಎಂದ ಮೇಲೆ ಚೀಟಿಗೆ ಒಂದು ನಂಬರು ಹಾಕಿ ಅದನ್ನೂ ಅವರಿಗೆ ಹೇಳುತ್ತಿದ್ದರು. ಕಾಲ ಬದಲಾಗಿ ಟ್ರಂಕ್ ಕಾಲ್ ಹೋಯಿತು, ಆಮೇಲೆ ಅಕ್ಕನಿಗೆ ನಿವೃತ್ತಿಯೂ ಆಯಿತು. ಅಭ್ಯಾಸ ಮಾತ್ರ ಹೋಗಲಿಲ್ಲ. ಪೆನ್ಸಿಲು ಯಾವಾಗಲೂ ತುರುಬಿನಲ್ಲಿ ಸಿಕ್ಕಿಸಿರುತ್ತಿತ್ತು. ಫೋನು ಎತ್ತಿದರೆ ಹಲೋ ಎನ್ನುತ್ತಿರಲಿಲ್ಲ, ‘ಕೊಪ್ಪ’ ಎನ್ನುತ್ತಿದ್ದರು. ತಮ್ಮ ಮೊಬೈಲಿನಲ್ಲೂ ಅಷ್ಟೆ. ಕಮ್ಮರಡಿಯ ಅಡುಗೆಮನೆಯಲ್ಲಿ ದೋಸೆ ಎರೆಯುತ್ತ ನಿಂತಿದ್ದರೂ ಅವರು ‘ಕೊಪ್ಪ’ವೇ.

ನನಗೆ ಅವರ ಪರಿಚಯವಾದದ್ದು ಆನೆಗಳಿಂದ. ನರಸಿಂಹರಾಜಪುರದ ಕಡೆ ಆನೆ ಕಾಟ ಹೆಚ್ಚಾಗಿ, ಕೊಪ್ಪದ ಹಳ್ಳಿಗಳಿಗೂ ಅವು ಬರತೊಡಗಿದಾಗ, ಹೊರಗಿನ ಒಂದು ಟ್ರಸ್ಟು ಕೊಪ್ಪದಲ್ಲಿ ಕೋಣೆಯೊಂದನ್ನು ಹಿಡಿದು ಮಾಹಿತಿ ಕೇಂದ್ರ ತೆರೆಯಿತು. ಆನೆ ಕಂಡವರು ಮೊಬೈಲಿನ ಆಪ್‌ನಲ್ಲಿ ತಿಳಿಸಬೇಕು, ಆ ಸುತ್ತಿನ ಎಲ್ಲ ಮೊಬೈಲುಗಳಿಗೂ ಕೂಡಲೇ ಎಚ್ಚರಿಕೆ ಹೋಗಬೇಕು. ಆಪ್ ಬೇಡ ಎನ್ನುವವರು ಕೇಂದ್ರಕ್ಕೆ ಫೋನು ಮಾಡಬಹುದು. ಆ ಫೋನು ಎತ್ತಲು ಬೆಳಿಗ್ಗೆ ಒಂಬತ್ತರಿಂದ ಸಂಜೆಯ ತನಕ ಅಕ್ಕನನ್ನು ಕೂರಿಸಿದರು. ಪ್ರೋಗ್ರಾಮ್ ಬರೆಯುವ ಕೆಲಸ ನನಗೆ ಸಿಕ್ಕಿತು. ಶೃಂಗೇರಿಯಲ್ಲಿ ಲಾಡ್ಜೊಂದರ ಮಹಡಿಯ ಮೇಲೆ ನನ್ನದು ಒಂದು ಕೋಣೆಯ ಆಫೀಸು. ಅಲ್ಲಿಯವರೆಗೆ ಯಾತ್ರಿಕರು ರೂಮು ಕಾಯ್ದಿರಿಸುವ ವೆಬ್‌ಸೈಟುಗಳನ್ನು ಮಾಡಿಕೊಂಡಿದ್ದೆ.

ಮೊದಲ ದಿನವೇ ಅಕ್ಕ ಕೇಳಿದರು, ‘ಇವ್ರು ಮೊಬೈಲಲ್ಲಿ ಒತ್ತಿದ್ದು ಎಲ್ಲಿಗೆ ಹೋಗುತ್ತೆ ಮಾರಾಯ್ತಿ?’

‘ಅಲ್ಲೊಂದು ಕಿಂಡಿ ಇದೆ ಅಂತ ತಿಳ್ಕೊಳ್ಳಿ ಅಕ್ಕ, ಪೋಸ್ಟಾಫೀಸಲ್ಲಿ ಇರುತ್ತಲ್ಲ ಹಾಗೆ. ಬಂದಿದ್ದನ್ನ ತಗೊಳ್ಳುತ್ತೆ, ಸರಿ ಇದೆಯಾ ಅಂತ ನೋಡುತ್ತೆ, ಒಳಗೆ ಪುಸ್ತಕದಲ್ಲಿ ಬರೆಯುತ್ತೆ, ಆಯ್ತು ಅಂತ ಉತ್ತರ ಕೊಡುತ್ತೆ.’ ನಮ್ಮ ಕಸುಬಿನಲ್ಲಿ ಆ ಕಿಂಡಿಗೆ ಎಪಿಐ ಎಂಡ್‌ಪಾಯಿಂಟ್ ಎಂದೂ ಆ ಪುಸ್ತಕಕ್ಕೆ ಡೇಟಾಬೇಸ್ ಎಂದೂ ಹೆಸರು.

‘ಕಿಂಡೀಲಿ ಯಾರು ಕೂತಿರ್ತಾರೆ?’

‘ಯಾರೂ ಇಲ್ಲ. ನಾನು ಬರೆದಿಟ್ಟ ಸಾಲುಗಳು.’

‘ಹಾಗಾದ್ರೆ ಕೂತಿರೋದು ನೀನೇ’ ಎಂದರು. ನಾನು ನಕ್ಕೆ. ಅವರು ಪೆನ್ಸಿಲು ತೆಗೆದು ಏನೋ ಬರೆದುಕೊಂಡರು.

ಜಗಳ ಶುರುವಾಗಲು ಎರಡು ವಾರವೂ ಬೇಕಾಗಲಿಲ್ಲ. ಕೇಂದ್ರದ ಉಸ್ತುವಾರಿಗೆ ಟ್ರಸ್ಟಿನ ಒಬ್ಬ ಅಧಿಕಾರಿ ಇದ್ದರು. ಎಲ್ಲರೂ ಅವರನ್ನು ‘ಸರ್’ ಎನ್ನುತ್ತಿದ್ದೆವು. ಗುಂಡಿ ಒತ್ತಿದ ಕೂಡಲೇ ಹಸಿರು ಟಿಕ್ ಬರಬೇಕು, ಚಕ್ರ ತಿರುಗುತ್ತ ನಿಂತರೆ ಜನಕ್ಕೆ ನಂಬಿಕೆ ಹೋಗುತ್ತದೆ ಎಂದು ಅವರ ಒತ್ತಾಯ. ನಾನು ಸುಲಭದ ದಾರಿ ಹಿಡಿದೆ. ಮಾಹಿತಿ ಬಂದ ತಕ್ಷಣ ‘ದಾಖಲಾಗಿದೆ’ ಎಂಬ ಉತ್ತರ, ಪುಸ್ತಕದಲ್ಲಿ ಬರೆಯುವುದು ಆಮೇಲೆ, ಸಾಲಿನಲ್ಲಿ ನಿಲ್ಲಿಸಿಕೊಂಡು ಬಿಡುವಾದಾಗ. ನಮ್ಮಲ್ಲಿ ಬಹಳ ಜನ ಹೀಗೆ ಮಾಡುತ್ತಾರೆ. ತಪ್ಪೆಂದು ಯಾರೂ ಅಂದುಕೊಳ್ಳುವುದಿಲ್ಲ.

ಅಕ್ಕ ಪರೀಕ್ಷೆಗೆಂದು ತಮ್ಮ ಮೊಬೈಲಿನಿಂದ ಒಂದು ಆನೆ ಕಳಿಸಿದರು. ಹಸಿರು ಟಿಕ್ ಬಂತು. ಮೇಜಿನ ಮೇಲಿದ್ದ ಕಂಪ್ಯೂಟರಿನ ಪಟ್ಟಿಯಲ್ಲಿ ಆನೆ ಇರಲಿಲ್ಲ. ನನಗೆ ಫೋನು ಬಂತು.

‘ಕೊಪ್ಪ. ನನ್ನ ಆನೆ ಎಲ್ಲಿ?’

‘ಬರುತ್ತೆ ಅಕ್ಕ, ಸಾಲಲ್ಲಿದೆ.’

‘ಹಾಗಾದ್ರೆ ಸಾಲಲ್ಲಿದೆ ಅಂತ ಹೇಳ್ಸು. ದಾಖಲಾಗಿದೆ ಅಂತ ಎಂತಕೆ ಹೇಳ್ಸಿದ್ದು?’

‘ಒಂದೆರಡು ನಿಮಿಷದ ಮಾತು ಅಕ್ಕ, ಆಗೇ ಆಗುತ್ತೆ.’

‘ಆಗೇ ಆಗೋದಾದ್ರೆ ಆದ್ಮೇಲೆ ಹೇಳು. ನಿನ್ನ ಲಾಡ್ಜಿನ ಭಕ್ತರು ರೂಮಿದೆ ಅಂತ ಬಂದು ರಸ್ತೇಲಿ ನಿಂತ್ರೆ ಇನ್ನೊಂದು ಲಾಡ್ಜು ನೋಡ್ಕೊಳ್ತಾರೆ. ಇಲ್ಲಿ ರಸ್ತೇಲಿ ನಿಂತಿರೋದು ಆನೆ.’

ನಾನು ಸಿಡುಕಿದೆ. ಸಾಯಂಕಾಲ ಬಸ್ಸು ಹಿಡಿದು ಕೊಪ್ಪಕ್ಕೆ ಹೋದೆ, ಸಿಟ್ಟನ್ನು ಎದುರಲ್ಲೇ ತೋರಿಸೋಣವೆಂದು. ಅಕ್ಕ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟು ತಾವು ಕೆಲಸಕ್ಕೆ ಸೇರಿದ ಹೊಸತರ ಒಂದು ಸಂಗತಿ ಹೇಳಿದರು. ಒಬ್ಬ ಮನುಷ್ಯ ತನ್ನ ತಮ್ಮ ತೀರಿಕೊಂಡ ಸುದ್ದಿಯನ್ನು ದೂರದೂರಿನಲ್ಲಿದ್ದ ತಂಗಿಗೆ ತಿಳಿಸಲು ಕಾಲ್ ಬರೆಸಿದ. ಲೈನು ಕೆಟ್ಟದಾಗಿತ್ತು. ಆಚೆ ಫೋನು ಎತ್ತಿದ ಸದ್ದು ಕೇಳಿದಂತಾಗಿ ಇವರು ‘ಲೈನ್ ಸಿಕ್ತು, ಮಾತಾಡಿ’ ಎಂದರು. ಅವನು ಕೂಗಿ ಕೂಗಿ ಎಲ್ಲ ಹೇಳಿ, ಅತ್ತು, ಫೋನು ಇಟ್ಟ. ಆಚೆ ಯಾರೂ ಇರಲಿಲ್ಲ. ಮನೆಯವರು ಮಧ್ಯಾಹ್ನದ ತನಕ ಕಾದು, ಬರಲೊಪ್ಪದವಳೆಂದು ಅವಳನ್ನು ಬೈದು, ಮಣ್ಣು ಮಾಡಿ ಮುಗಿಸಿದರು.

‘ಅವಳು ಆಮೇಲೆ ಎಕ್ಸ್‌ಚೇಂಜಿಗೆ ಬಂದಿದ್ಲು’ ಎಂದರು ಅಕ್ಕ. ‘ಬೈಲಿಲ್ಲ. ಲೈನ್ ಸಿಕ್ತು ಅಂದಿದ್ದು ಯಾರು ಅಂತ ಕೇಳಿದ್ಲು, ಅಷ್ಟೇ. ಅವತ್ತಿಂದ ಆಚೆಯವರು ಹಲೋ ಅನ್ನೋ ತನಕ ಲೈನ್ ಸಿಕ್ತು ಅಂತ ನಾನು ಯಾರಿಗೂ ಹೇಳಿಲ್ಲ.’

ಮಾರನೆಯ ದಿನ ತಿದ್ದಿದೆ. ಮೊದಲು ಬರೆಯುವುದು, ಆಮೇಲೆ ಟಿಕ್. ಒಂದೆರಡು ಕ್ಷಣ ಚಕ್ರ ತಿರುಗಿದರೆ ತಿರುಗಲಿ. ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ಪ್ರತಿ ಮಾಹಿತಿಗೂ ಒಂದು ನಂಬರು ಕೊಡು, ಬರೆದದ್ದನ್ನು ಕಳಿಸಿದವರಿಗೇ ತಿರುಗಿ ತೋರಿಸು ಎಂದರು. ಮುಂದಿನ ತಿಂಗಳು ಮಾಡೋಣ ಎಂದೆ. ಆ ಮುಂದಿನ ತಿಂಗಳು ಎಂಬುದು ನಮ್ಮ ಕಸುಬಿನ ದೊಡ್ಡ ಕಾಯಿಲೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಕಡೆ ಎಲ್ಲೆಂದರಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಪ್ರತಿ ಊರಿಗೂ ಒಂದು ದಿಬ್ಬವೋ ಬಂಡೆಯೋ ಇದೆ, ಅಲ್ಲಿಗೆ ಹತ್ತಿದರೆ ಒಂದೆರಡು ಕಡ್ಡಿ ಬರುತ್ತದೆ. ಆನೆ ಕಂಡವರು ಅಲ್ಲಿಗೆ ಓಡಿ, ಏದುಸಿರು ಬಿಡುತ್ತ, ಹೋಯಿತೋ ಇಲ್ಲವೋ ಎಂಬ ಅನುಮಾನದಲ್ಲಿ ಅದನ್ನೇ ಎಂಟು ಹತ್ತು ಸಲ ಒತ್ತುತ್ತಿದ್ದರು. ಹತ್ತೂ ಬಂದು ತಲುಪುತ್ತಿದ್ದವು. ಸುತ್ತಿನ ಮೊಬೈಲುಗಳೆಲ್ಲ ಹತ್ತು ಸಲ ಬಡಿದುಕೊಳ್ಳುತ್ತಿದ್ದವು. ಜಾಗ ನೋಡಿ ಒಂದೇ ಮಾಹಿತಿ ಎಂದು ಗುರುತಿಸೋಣವೆಂದರೆ ಅದೂ ಆಗದು. ಒಬ್ಬನೇ ಮನುಷ್ಯ ಒಂದೇ ಜಾಗವನ್ನು ಒಮ್ಮೆ ಮೋರಿ ಹತ್ತಿರ, ಒಮ್ಮೆ ಹಳೇ ಮಿಲ್ಲಿನ ಎದುರು, ಒಮ್ಮೆ ತಿರುವು ದಾಟಿ ಎಂದು ಬರೆಯುತ್ತಿದ್ದ. ಅಕ್ಕನಿಗೆ ಮೂರೂ ಒಂದೇ ಎಂದು ಗೊತ್ತಾಗುತ್ತಿತ್ತು, ನನ್ನ ಪ್ರೋಗ್ರಾಮಿಗೆ ಗೊತ್ತಾಗುತ್ತಿರಲಿಲ್ಲ. ಸರ್ ರೇಗಿದರು, ‘ಇರೋದು ಒಂದು ಆನೆ, ನೀವು ಹತ್ತು ತೋರಿಸ್ತಿದೀರಿ. ಇವತ್ತೇ ಸರಿ ಮಾಡಿ.’

ಅವತ್ತೇ ಸರಿ ಮಾಡಿದೆ. ಒಂದೇ ಮೊಬೈಲ್ ನಂಬರಿನಿಂದ ಒಂದು ಗಂಟೆಯೊಳಗೆ ಮತ್ತೆ ಮಾಹಿತಿ ಬಂದರೆ ಅದನ್ನು ಬಿಸಾಡು. ಬಿಸಾಡಿದರೂ ‘ದಾಖಲಾಗಿದೆ’ ಎಂದೇ ಉತ್ತರ ಕೊಡು, ಇಲ್ಲದಿದ್ದರೆ ಮತ್ತೆ ಒತ್ತುತ್ತಾರೆ. ಒಂದು ಸಣ್ಣ ಸಾಲು. ಬರೆಯುವಾಗ ಅಕ್ಕನ ನೆನಪಾಯಿತು. ಅದಕ್ಕೇ ಅವರಿಗೆ ಹೇಳಲಿಲ್ಲ.

ಹಮೀದಣ್ಣನ ಬಗ್ಗೆ ಈಗ ಹೇಳಬೇಕು. ನರಸಿಂಹರಾಜಪುರದವರು, ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಶೆಟ್ಟಿಕೊಪ್ಪದ ಸುತ್ತಿನ ಹಳ್ಳಿಗಳಿಗೆ ಮೀನು ಒಯ್ಯುವವರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎಲ್ಲ ದಾರಿಗಳನ್ನೂ ಸುತ್ತುವವರು ಅವರೇ, ಹಾಗಾಗಿ ಆನೆ ಕಾಣುತ್ತಿದ್ದದ್ದೂ ಅವರಿಗೇ ಹೆಚ್ಚು. ನಮ್ಮ ಪಟ್ಟಿಯಲ್ಲಿ ಅವರ ನಂಬರಿನಷ್ಟು ಸಲ ಇನ್ಯಾರದೂ ಇರಲಿಲ್ಲ. ಒಂದೇ ಬೆಳಿಗ್ಗೆ ಎರಡು ಊರಿನಲ್ಲಿ ಎರಡು ಆನೆ ಕಾಣಬಹುದಾದ ಮನುಷ್ಯ ಇಡೀ ತಾಲೂಕಿನಲ್ಲಿ ಅವರೊಬ್ಬರೇ. ಇದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಆ ದಿನ ಏಳು ಗಂಟೆ ಹತ್ತು ನಿಮಿಷಕ್ಕೆ ಅವರು ಒಂದು ಊರಿನ ಶಾಲೆ ಮೈದಾನದ ಬಳಿ ಒಂದು ಆನೆ ಎಂದು ಕಳಿಸಿದರು. ಅಲ್ಲಿನವರಿಗೆಲ್ಲ ಎಚ್ಚರಿಕೆ ಹೋಯಿತು. ಏಳು ನಲವತ್ತೆರಡಕ್ಕೆ ಶೆಟ್ಟಿಕೊಪ್ಪದ ಕಡೆ, ರಬ್ಬರ್ ತೋಟದ ಕೆಳಗಿನ ದಾರಿಯಲ್ಲಿ ಇನ್ನೆರಡು ಆನೆ ಕಂಡವು. ಬೈಕು ತಿರುಗಿಸಿ, ದಿಬ್ಬ ಹತ್ತಿ, ಅದನ್ನೂ ಕಳಿಸಿದರು. ಹಸಿರು ಟಿಕ್ ಬಂತು. ಕೆಲಸವಾಯಿತೆಂದು ಬೇರೆ ದಾರಿ ಹಿಡಿದು ಹೋದರು.

ಆ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವ ಲಿಸ್ಸಿ ಎಂಬ ಹೆಂಗಸು ದಿನಾ ಮನೆ ಬಿಡುವ ಮೊದಲು ಮೊಬೈಲು ನೋಡುತ್ತಿದ್ದಳು. ಎಚ್ಚರಿಕೆ ಇದ್ದರೆ ಮೇಲಿನ ದಾರಿ, ಇಲ್ಲದಿದ್ದರೆ ಕೆಳಗಿನ ದಾರಿ. ಅವತ್ತು ಏನೂ ಬಂದಿರಲಿಲ್ಲ. ಎಂಟು ಗಂಟೆಯ ಸುಮಾರಿಗೆ ಕೆಳಗಿನ ದಾರಿಯಲ್ಲಿ ಆನೆ ಅವಳನ್ನು ಎತ್ತಿ ಬಿಸಾಡಿತು. ಜೀವ ಉಳಿಯಿತು. ಕಾಲು ಎರಡು ಕಡೆ ಮುರಿಯಿತು.

ಹಮೀದಣ್ಣ ಆ ದಾರಿಯಿಂದ ಬಂದದ್ದನ್ನು ಜನ ನೋಡಿದ್ದರು. ಕೇಂದ್ರದಲ್ಲಿ ವಿಚಾರಿಸಿದರೆ ಅಂಥ ಮಾಹಿತಿಯೇ ಬಂದಿಲ್ಲ ಎಂಬ ಉತ್ತರ. ಮಧ್ಯಾಹ್ನದೊಳಗೆ ಊರು ತೀರ್ಮಾನ ಮಾಡಿತು. ಆನೆ ನೋಡಿಯೂ ಹೇಳದೆ, ತಾನು ಬಚಾವಾಗಿ ಹೋದ ಮನುಷ್ಯ. ಅವರು ಮೊಬೈಲು ತೋರಿಸಿದರು. ಅದರಲ್ಲಿ ಹಸಿರು ಟಿಕ್ ಇತ್ತು, ನಂಬರೂ ಸಮಯವೂ ಇರಲಿಲ್ಲ. ‘ಇದು ಮೊದಲನೇ ಆನೆದು’ ಎಂದರು ಯಾರೋ. ಹಮೀದಣ್ಣನಿಗೆ ತಮ್ಮ ಮಾತು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ, ಆ ಮಾತನ್ನು ಯಾರೂ ನಂಬಲಿಲ್ಲ. ಇಪ್ಪತ್ತು ವರ್ಷ ತಿರುಗಿದ ದಾರಿಯಲ್ಲಿ ಮಾರನೆಯ ದಿನ ಅವರ ಹಾರ್ನಿಗೆ ಒಂದು ಬಾಗಿಲೂ ತೆರೆಯಲಿಲ್ಲ.

ಕಿಂಡಿಗೆ ಬಂದದ್ದೆಲ್ಲ, ಬಿಸಾಡಿದ್ದೂ ಸೇರಿ, ಸರ್ವರಿನ ಲಾಗ್‌ನಲ್ಲಿ ಒಂದೊಂದು ಸಾಲಾಗಿ ಉಳಿದಿರುತ್ತದೆ. ಸುದ್ದಿ ಬಂದ ಅರ್ಧ ಗಂಟೆಯಲ್ಲಿ ನಾನು ಅದನ್ನು ತೆರೆದು ನೋಡಿದ್ದೆ. ಏಳು ನಲವತ್ತೆರಡು, ಅವರ ನಂಬರು, ಎರಡು ಆನೆ, ಬಿಸಾಡಲಾಗಿದೆ. ನೋಡಿ ಮುಚ್ಚಿಟ್ಟೆ. ಎರಡು ದಿನ ಯಾರಿಗೂ ಹೇಳಲಿಲ್ಲ. ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ ಎಂದೆಲ್ಲ ಬರೆದು ನನ್ನನ್ನು ಒಳ್ಳೆಯವಳನ್ನಾಗಿ ಮಾಡಿಕೊಳ್ಳುವುದಿಲ್ಲ. ಊಟವೂ ಸೇರಿತ್ತು.

ಮೂರನೆಯ ದಿನ ಅಕ್ಕ ಶೃಂಗೇರಿಗೆ ಬಂದರು. ಲಾಡ್ಜಿನ ಮೆಟ್ಟಿಲು ಹತ್ತಿ ಬಂದವರು ಬಾಗಿಲಲ್ಲೇ ನಿಂತು ಉಸಿರು ಸುಧಾರಿಸಿಕೊಂಡರು.

‘ಕಿಂಡಿಗೆ ಬಂದಿದ್ದೆಲ್ಲ ಎಲ್ಲಾದ್ರೂ ಬರ್ದಿರ್ತದಾ?’

ನಾನು ಉತ್ತರ ಕೊಡುವ ಮೊದಲೇ ಅವರು ನನ್ನ ಮುಖ ನೋಡಿದರು.

‘ನೋಡಿದೀಯ.’

‘ಹೂಂ ಅಕ್ಕ.’

‘ಯಾವಾಗ?’

‘ಅವತ್ತೇ.’

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ‘ಪ್ರಿಂಟ್ ತೆಗಿ’ ಎಂದರು.

‘ಅಕ್ಕ, ನನ್ನ ಕೆಲಸ ಹೋಗುತ್ತೆ.’

‘ಹೋಗ್ಲಿ. ನಂದೂ ಹೋಗುತ್ತೆ. ಆ ಮನುಷ್ಯ ದಿಬ್ಬ ಹತ್ತಿ ಕಳ್ಸಿದಾನೆ ಮಾರಾಯ್ತಿ. ಊರೆಲ್ಲ ಅವನ್ನ ಸುಳ್ಳ ಅಂತಿದೆ. ಪ್ರಿಂಟ್ ತೆಗಿ.’

ತೆಗೆದುಕೊಟ್ಟೆ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ನೀರೂ ಕುಡಿಯದೆ ಇಳಿದು ಹೋದರು.

ಟ್ರಸ್ಟಿನವರು ಶೆಟ್ಟಿಕೊಪ್ಪದಲ್ಲಿ ಸಭೆ ಕರೆದರು. ಬೆಳಿಗ್ಗೆ ಹನ್ನೊಂದಕ್ಕೆ ಜನ ಸೇರಿದ್ದರು. ಲಿಸ್ಸಿಯ ಮನೆಯವರು ಮುಂದೆ ಕೂತಿದ್ದರು, ಹಮೀದಣ್ಣ ಒಬ್ಬರೇ ಗೋಡೆಗೆ ಒರಗಿ ನಿಂತಿದ್ದರು. ನಾನು ಕೊನೆಯ ಸಾಲಿನ ಕುರ್ಚಿಯಲ್ಲಿದ್ದೆ. ಸರ್ ಒಂದು ವರದಿ ಓದಿದರು: ಸದರಿ ಜಾಗದ ಬಗ್ಗೆ ಆ ದಿನ ಬೆಳಿಗ್ಗೆ ಕೇಂದ್ರಕ್ಕೆ ಯಾವ ಮಾಹಿತಿಯೂ ಬಂದಿರುವುದಿಲ್ಲ. ಓದಿ ಮುಗಿಸಿ, ಕೇಂದ್ರದ ಪರವಾಗಿ ಸಹಿ ಹಾಕಲು ಅಕ್ಕನ ಕಡೆ ಪೆನ್ನು ಚಾಚಿದರು.

ಅಕ್ಕ ಎದ್ದರು. ಪೆನ್ನು ತೆಗೆದುಕೊಳ್ಳಲಿಲ್ಲ.

‘ನಾನು ಸಹಿ ಹಾಕಲ್ಲ. ಮಾಹಿತಿ ಬಂದಿತ್ತು.’

ಮಡಿಕೆ ಬಿಚ್ಚಿ ಓದಿದರು. ಟ್ರಂಕ್ ಕಾಲಿನ ಚೀಟಿ ಓದುವ ದನಿ, ಅವಸರವಿಲ್ಲ, ಏರಿಳಿತವಿಲ್ಲ. ಸಮಯ ಏಳು, ನಲವತ್ತೆರಡು. ಮೊಬೈಲ್ ನಂಬರನ್ನು ಎರಡೆರಡು ಅಂಕಿಯಾಗಿ. ಆನೆ ಎರಡು. ಜಾಗ ರಬ್ಬರ್ ತೋಟದ ಕೆಳಗಿನ ದಾರಿ.

‘ಹಮೀದ ಕಳ್ಸಿದಾನೆ. ನಮಗೆ ಬಂದಿದೆ. ಬಂದಿದ್ದನ್ನ ನಾವು ಬಿಸಾಡಿದೀವಿ. ಬಿಸಾಡಿ, ದಾಖಲಾಗಿದೆ ಅಂತ ಅವನಿಗೆ ಸುಳ್ಳು ಹೇಳಿದೀವಿ. ಸುಳ್ಳು ಹೇಳಿದ್ದು ಅವನಲ್ಲ.’

‘ಅದೊಂದು ತಾಂತ್ರಿಕ ದೋಷ’ ಎಂದು ಸರ್ ನಡುವೆ ಬಂದರು. ‘ಇವರಿಗೆ ಅದೆಲ್ಲ ಗೊತ್ತಾಗಲ್ಲ.’

‘ಗೊತ್ತಾಗ್ತದೆ. ದೋಷ ಅಂದ್ರೆ ಯಂತ್ರ ಕೆಡೋದು. ಇದು ಕೆಟ್ಟಿಲ್ಲ ಸರ್. ಬಿಸಾಡು ಅಂತ ಹೇಳಿದ್ರು, ಬಿಸಾಡಿದೆ.’

ಹಿಂದಿನಿಂದ ಯಾರೋ ಕೂಗಿದರು, ‘ಯಾರು ಹೇಳಿದ್ದು ಹಾಗಾದ್ರೆ? ಯಾರ ಕೆಲ್ಸ ಇದು?’

ನಾನು ಕೂತಿದ್ದ ಕುರ್ಚಿಯ ಕೈಯನ್ನು ಹಿಡಿದುಕೊಂಡೆ. ಏಳಲಿಲ್ಲ. ಅಕ್ಕ ನನ್ನ ಕಡೆ ನೋಡಲೂ ಇಲ್ಲ.

‘ಕೇಂದ್ರದ ಮೇಜಲ್ಲಿ ಕೂರೋಳು ನಾನು. ಕೇಳೋದಿದ್ರೆ ನನ್ನ ಕೇಳಿ.’

ಗದ್ದಲ ಎದ್ದಿತು. ಅದರ ನಡುವೆ ಹಮೀದಣ್ಣ ಗೋಡೆ ಬಿಟ್ಟು ಮುಂದೆ ಬಂದರು.

‘ಅಕ್ಕ, ಇನ್ನೊಂದ್ಸಲ ಓದಿ.’

ಅಕ್ಕ ಸಭೆ ಸುಮ್ಮನಾಗುವ ತನಕ ಕಾದು, ಮೊದಲಿನಿಂದ, ಅದೇ ದನಿಯಲ್ಲಿ ಇನ್ನೊಂದು ಸಲ ಓದಿದರು. ಓದಿ ಮುಗಿಸಿ ಕಾಗದವನ್ನು ಹಮೀದಣ್ಣನ ಕೈಗೆ ಕೊಟ್ಟರು. ಲಿಸ್ಸಿಯ ತಾಯಿ ಎದ್ದು ಬಂದು ಆ ಕಾಗದವನ್ನು ನೋಡಿ, ಓದಲು ಬಾರದೆ ಹಮೀದಣ್ಣನ ತೋಳು ಹಿಡಿದು ನಿಂತರು.

ಹದಿನೈದು ದಿನದೊಳಗೆ ಅಕ್ಕನಿಗೆ ಪತ್ರ ಬಂತು. ಕರ್ತವ್ಯಲೋಪ ಎಂದು ಬರೆದಿತ್ತು. ಮಾಹಿತಿ ನಿರ್ವಹಣೆಯಲ್ಲಿ ಆದ ಲೋಪಕ್ಕೆ ಅವರೇ ಹೊಣೆ ಎಂದೂ ಇನ್ನು ಬರಬೇಕಿಲ್ಲ ಎಂದೂ. ನನ್ನ ಕೆಲಸ ಹೋಗಲಿಲ್ಲ. ‘ಆ ಸಾಲು ತೆಗೀರಿ, ಸುಮ್ನಿರಿ’ ಎಂದರು ಸರ್. ಸಾಲು ತೆಗೆದೆ, ಸುಮ್ಮನೂ ಇದ್ದೆ. ಈಗ ಕಿಂಡಿ ಏನನ್ನೂ ಬಿಸಾಡುವುದಿಲ್ಲ. ಒಂದೇ ಎಂದು ಅನುಮಾನ ಬಂದರೆ ಎರಡನ್ನೂ ಬರೆದಿಟ್ಟು ಮನುಷ್ಯರಿಗೆ ತೋರಿಸುತ್ತದೆ. ಬರೆದ ಮೇಲೆ ಒಂದು ನಂಬರು ಕೊಡುತ್ತದೆ, ಬರೆದದ್ದನ್ನು ತಿರುಗಿ ಓದಿ ಹೇಳುತ್ತದೆ. ಅಕ್ಕ ಕೇಳಿದ್ದಷ್ಟನ್ನೂ ಮಾಡಿದೆ, ಅಕ್ಕ ಕೇಂದ್ರ ಬಿಟ್ಟು ಹೋದ ಮೇಲೆ.

ಹೋದವರು ಸುಮ್ಮನೆ ಕೂರುವ ಜನವೇ? ತಮ್ಮ ಮೊಬೈಲ್ ನಂಬರನ್ನು ಸಿಕ್ಕವರಿಗೆಲ್ಲ ಬರೆದುಕೊಟ್ಟರು. ಶೆಟ್ಟಿಕೊಪ್ಪದವರು ಆಪ್‌ನಲ್ಲಿ ಕಳಿಸಿ, ಆಮೇಲೆ ಕಮ್ಮರಡಿಗೂ ಫೋನು ಮಾಡುತ್ತಿದ್ದರು. ‘ಕೊಪ್ಪ. ಹೇಳಿ, ಎಷ್ಟು ಆನೆ?’ ಎಂದು ಅಕ್ಕ ಬರೆದುಕೊಂಡು, ತಿರುಗಿ ಓದಿ, ಕೇಂದ್ರಕ್ಕೆ ಫೋನು ಮಾಡಿ ಬಂದಿದೆಯಾ ಎಂದು ಜೋರು ಮಾಡುತ್ತಿದ್ದರು. ಹೊರಗೆ ಹಾಕಿದವರೇ ಅವರಿಗೆ ದಿನಾ ಉತ್ತರ ಕೊಡಬೇಕಾಗಿತ್ತು. ನನ್ನ ಕಿಂಡಿಯನ್ನೂ ಆಗಾಗ ಪರೀಕ್ಷೆ ಮಾಡುತ್ತಿದ್ದರು. ಒಮ್ಮೆ ಪಟ್ಟಿಯಲ್ಲಿ ಹೀಗೊಂದು ದಾಖಲೆ ಬಂದು ಕೂತಿತ್ತು: ‘ಆನೆ ಒಂದು. ಜಾಗ ಕಮ್ಮರಡಿ, ನನ್ನ ಅಡುಗೆಮನೆ. ದೋಸೆ ಕೇಳ್ತಿದೆ.’

ಪತ್ರ ಬಂದ ತಿಂಗಳಲ್ಲೇ ಒಮ್ಮೆ ಕಮ್ಮರಡಿಗೆ ಹೋಗಿ ತಪ್ಪಾಯಿತು ಎಂದು ಅತ್ತಿದ್ದೆ. ಅಕ್ಕ ಅಳುವುದು ಮುಗಿಯುವ ತನಕ ಕಾದರು.

‘ನನ್ನ ಹತ್ರ ಎಂತಕೆ ಹೇಳ್ತಿ? ನಂಗೆ ಗೊತ್ತಿದ್ದದ್ದೇ ಅಲ್ವಾ. ಗೊತ್ತಿಲ್ಲದವ್ರಿಗೆ ಹೇಳು.’

‘ನೀವ್ಯಾಕೆ ಅವತ್ತು ನನ್ನ ಹೆಸರು ಹೇಳಲಿಲ್ಲ?’

‘ಹೇಳಿದ್ರೆ ಸಭೆಯೆಲ್ಲ ನಿನ್ನ ಹಿಂದೆ ಬೀಳ್ತಿತ್ತು. ಹಮೀದನ ಮಾತು ಅಲ್ಲೇ ಬಿದ್ದಿರ್ತಿತ್ತು. ಅವತ್ತು ಅವನ ಕೆಲ್ಸ ಆಗ್ಬೇಕಿತ್ತು.’ ತುರುಬಿನ ಪೆನ್ಸಿಲು ಸರಿಮಾಡಿಕೊಂಡು ಹೇಳಿದರು, ‘ನಿನ್ನ ಕೆಲ್ಸ ಬಾಕಿ ಇದೆ. ಯಾವಾಗ ಅಂತ ನಾ ಕೇಳಲ್ಲ.’

ಕೇಳಲಿಲ್ಲ. ಮೂರು ವರ್ಷ ಕೇಳಲೇ ಇಲ್ಲ. ನಾನು ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತ ಇದ್ದೆ. ಅಷ್ಟರಲ್ಲಿ ಅವರು ಹೋಗಿಬಿಟ್ಟರು.

ಬ್ಯಾನರ್ ಓದಿ ನಾನು ಹೋದದ್ದು ಕೊಪ್ಪದ ಒಂದು ಸಭಾಂಗಣದಲ್ಲಿ ಏರ್ಪಡಿಸಿದ್ದ ನುಡಿನಮನಕ್ಕೆ. ಮಧ್ಯಾಹ್ನದ ಹೊತ್ತು, ಜನ ತುಂಬಿದ್ದರು. ಹಮೀದಣ್ಣ ಬಂದಿದ್ದರು. ಲಿಸ್ಸಿ ಕೋಲು ಊರಿಕೊಂಡು ಬಂದಿದ್ದಳು. ಸರ್ ಕೂಡ ಬಂದಿದ್ದರು, ಮಾತಾಡಿದರು. ಅಕ್ಕ ಎಷ್ಟು ನಿಷ್ಠೆಯಿಂದ ದುಡಿದರು ಎಂದರು. ‘ಮನುಷ್ಯರಾದ ಮೇಲೆ ಒಂದು ಸಣ್ಣ ಲೋಪ ಸಹಜ. ಅದನ್ನು ನಾವು ಯಾವತ್ತೋ ಮರೆತಿದ್ದೇವೆ’ ಎಂದರು. ಕೆಲವರು ಗೌರವದಿಂದ ತಲೆದೂಗಿದರು.

ಮರೆತಿದ್ದಾರಂತೆ! ಯಾರ ಲೋಪವನ್ನು ಯಾರು ಮರೆಯುವುದು? ಅಕ್ಕನ ಫೋಟೋದ ಎದುರು ನಿಂತು ಅದನ್ನು ಹೇಳುವ ಧೈರ್ಯ ಅವರಿಗೆ ಬಂದದ್ದು ನಾನು ಸುಮ್ಮನಿದ್ದುದರಿಂದ. ನನ್ನ ಹೆಸರು ಮಾತಾಡುವವರ ಪಟ್ಟಿಯಲ್ಲಿ ಇರಲಿಲ್ಲ. ಎದ್ದು ಹೋಗಿ ಮೈಕು ಹಿಡಿದೆ. ಯಾರೋ ತಡೆಯಲು ಬಂದರು, ಕೈ ಬಿಡಿಸಿಕೊಂಡೆ.

‘ಶೆಟ್ಟಿಕೊಪ್ಪದ ಸಭೆಯಲ್ಲಿ ಇದು ಯಾರ ಕೆಲ್ಸ ಅಂತ ಒಬ್ಬರು ಕೇಳಿದ್ರು. ಅಕ್ಕ ತನ್ನ ಮೇಲೆ ಹಾಕ್ಕೊಂಡ್ರು. ಅದು ಅಕ್ಕನ ಲೋಪ ಅಲ್ಲ. ಹಮೀದಣ್ಣ ಕಳಿಸಿದ್ದನ್ನ ಬಿಸಾಡು ಅಂತ ಬರೆದೋಳು ನಾನು. ಬಿಸಾಡಿದ್ದಕ್ಕೆ ದಾಖಲಾಗಿದೆ ಅಂತ ಹೇಳ್ಸಿದೋಳೂ ನಾನೇ. ಅವತ್ತು ಕೊನೇ ಸಾಲಿನ ಕುರ್ಚೀಲಿ ಕೂತಿದ್ದೆ, ಏಳ್ಲಿಲ್ಲ. ಅಕ್ಕನಿಗೆ ಕೊಟ್ಟ ಪತ್ರ ಸುಳ್ಳು.’

ಸರ್ ಮೊಬೈಲು ನೋಡತೊಡಗಿದರು. ಲಿಸ್ಸಿ ನನ್ನನ್ನೇ ನೋಡುತ್ತಿದ್ದಳು, ನಾನು ದೃಷ್ಟಿ ತಪ್ಪಿಸಲಿಲ್ಲ. ಆಗ ನಡುವಿನ ಸಾಲಿನಿಂದ ಹಮೀದಣ್ಣ ಎದ್ದು ನಿಂತರು. ಅವರ ಮುಖದಲ್ಲಿ ಕ್ಷಮೆಯೇನೂ ಇರಲಿಲ್ಲ.

‘ಇನ್ನೊಂದ್ಸಲ ಹೇಳಿ’ ಎಂದರು.

ಎಲ್ಲರೂ ಸುಮ್ಮನಾಗಿದ್ದಾರೆಯೇ ಎಂದು ನೋಡಿಕೊಂಡು, ಮೊದಲಿನಿಂದ, ಅವಸರವಿಲ್ಲದೆ, ಇನ್ನೊಂದು ಸಲ ಹೇಳಿದೆ.